ಚದರಡಿಗೆ ಎಷ್ಟು ಎಂದು ಕೇಳುವ ಮುನ್ನ

ಕರಾವಳಿಯ ಅನೇಕ ಮನೆಗಳಲ್ಲಿ ಗಂಡಸರು ಗಲ್ಫ್‌ನಲ್ಲಿ ದುಡಿಯುತ್ತಾರೆ. ಊರಿನಲ್ಲಿ ಮನೆ ಕಟ್ಟಿಸುವ ಹೊಣೆ ಗೃಹಿಣಿಯ ಹೆಗಲಿಗೆ ಬೀಳುತ್ತದೆ. ಕಂಟ್ರಾಕ್ಟರ್ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ, "ಚದರಡಿಗೆ ಎಷ್ಟು?" ಕಡಿಮೆ ಹೇಳಿದವರಿಗೆ ಕೆಲಸ ಸಿಗುತ್ತದೆ. ಆದರೆ ಮೊದಲು ಕೇಳಬೇಕಾದುದು, "ಆ ದರದಲ್ಲಿ ಏನೇನು ಸೇರಿದೆ?" ಎಂದು.

ಒಬ್ಬರು ಹೇಳುವ ದರ ಕೂಲಿಯದ್ದು ಮಾತ್ರ, ಇನ್ನೊಬ್ಬರದ್ದು ಸಾಮಾನು ಸಹಿತ. ಸಿಟೌಟ್, ಮೆಟ್ಟಿಲು, ಸನ್‌ಶೇಡ್ ಇವುಗಳನ್ನು ಅಳತೆಗೆ ಹಿಡಿಯುತ್ತಾರೆಯೇ? ಬಾವಿ, ಶೌಚಗುಂಡಿ, ಕಂಪೌಂಡ್, ವಯರಿಂಗ್, ಬಣ್ಣ, ಜಿ.ಎಸ್.ಟಿ. ಒಳಗೋ ಹೊರಗೋ? ಸಿಮೆಂಟ್, ಕಬ್ಬಿಣ, ಟೈಲ್ಸ್ ಯಾವ ಕಂಪೆನಿಯದ್ದು? ಇದೆಲ್ಲ ತಿಳಿಯದೆ ಎರಡು ದರಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಆತ ಕಟ್ಟಿದ ಹೊಸ ಮನೆಯನ್ನು ಮಾತ್ರ ನೋಡಬೇಡಿ, ಎರಡು ಮೂರು ಮಳೆಗಾಲ ಕಂಡ ಮನೆಗೂ ಹೋಗಿ. ತಾರಸಿ ಸೋರುತ್ತದೆಯೇ, ಬಚ್ಚಲಿನ ಆಚೆಯ ಗೋಡೆಯಲ್ಲಿ ತೇವವಿದೆಯೇ ಎಂದು ಆ ಮನೆಯ ಹೆಂಗಸರನ್ನು ವಿಚಾರಿಸಿ. ಹೇಳಿದ ಸಮಯಕ್ಕೆ ಕೆಲಸ ಮುಗಿಸಿದರೇ, ಕರೆದರೆ ರಿಪೇರಿಗೆ ಬಂದರೇ ಎಂಬುದನ್ನೂ ಅವರೇ ಹೇಳಬಲ್ಲರು.

ಪರಿಚಯದವರು, ಸಂಬಂಧಿಕರು ಎಂಬ ಸಂಕೋಚದಿಂದ ಬರವಣಿಗೆಯನ್ನು ಬಿಡಬೇಡಿ. ನಕ್ಷೆ, ಸಾಮಾನಿನ ವಿವರ, ಮುಗಿಸುವ ಅವಧಿ, ಹೆಚ್ಚುವರಿ ಕೆಲಸದ ದರ ಎಲ್ಲವೂ ಕರಾರಿನಲ್ಲಿರಲಿ. ಹಣವನ್ನು ಹಂತ ಹಂತವಾಗಿ ಕೊಡಿ. ಅಡಿಪಾಯ, ಗೋಡೆ, ಸ್ಲ್ಯಾಬ್, ಸಾರಣೆ ಹೀಗೆ ಒಂದೊಂದು ಮುಗಿದ ಮೇಲೆ ಅದರ ಕಂತು, ಅದಕ್ಕೊಂದು ರಶೀದಿ. ಕೊನೆಯ ಕಂತು ದೊಡ್ಡದಿರಲಿ. ಕೆಲಸಕ್ಕಿಂತ ಹಣ ಮುಂದೆ ಹೋದರೆ ಕಂಟ್ರಾಕ್ಟರ್ ಮತ್ತೆ ಕೈಗೆ ಸಿಗುವುದು ಕಷ್ಟ.

ಕೆಲವು ಪರೀಕ್ಷೆಗಳಿಗೆ ಎಂಜಿನಿಯರೇ ಬೇಕೆಂದಿಲ್ಲ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಪಿ.ಪಿ.ಸಿ. ಸಿಮೆಂಟಾದರೆ 10 ದಿನ ಬಿಡದೆ ನೀರುಣಿಸಬೇಕು. 4.5 ಮೀಟರಿಗಿಂತ ಅಗಲದ ಸ್ಲ್ಯಾಬಿನ ಆಧಾರದ ಕಂಬಗಳನ್ನು 14 ದಿನಕ್ಕೆ ಮುನ್ನ ತೆಗೆಯಬಾರದು. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ಒಂದು ದಿನ ನೀರು ನಿಲ್ಲಿಸಿ, ಕೆಳಗೆ ಒಸರುತ್ತದೆಯೇ ನೋಡಿ.

ಹಳೆಯ ಹೆಂಚಿನ ಮನೆಗೆ ಸ್ಲ್ಯಾಬ್ ಹಾಕಿಸುವವರು ಮಾತ್ರ ಎಂಜಿನಿಯರನ್ನು ಕರೆಸಲೇಬೇಕು. ಹೆಂಚಿನ ಮಾಡಿಗೆಂದು ಕಟ್ಟಿದ ಕೆಂಪುಕಲ್ಲಿನ ಗೋಡೆ, ಅದರ ಅಡಿಪಾಯ ಕಾಂಕ್ರೀಟಿನ ಭಾರ ಹೊರುವುದೇ ಎಂದು ಅವರೇ ಪರೀಕ್ಷಿಸಿ ಹೇಳಬೇಕು. "ಏನೂ ಆಗುವುದಿಲ್ಲ" ಎಂಬ ಮಾತನ್ನು ನಂಬಿ ಮಕ್ಕಳನ್ನು ಅದರಡಿ ಮಲಗಿಸುವುದು ಸಲ್ಲದು.

ಇಷ್ಟಾದರೂ ಮೋಸ ಹೋದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಒಂದು ಸೇವೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ, ತೊಂದರೆಯಾದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಕರಾರು ಪತ್ರ, ರಶೀದಿಗಳು ಮತ್ತು ಕೆಲಸದ ಫೋಟೋಗಳು. ಮೊದಲ ದಿನದಿಂದಲೇ ಅವುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ಪರದೇಶದ ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದು ಕಳುಹಿಸಿದ ಹಣಕ್ಕೆ ಅಷ್ಟಾದರೂ ಕಾವಲು ಬೇಡವೇ?