ದುಬಾರೆಯಲ್ಲಿ ನೀರು ಮೊಣಕಾಲುದ್ದ, ಮಕ್ಕಳನ್ನು ಆಡಲು ಬಿಡಬಹುದೇ?

ಬೇಸಿಗೆ ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ದುಬಾರೆಗೆ ಹೋಗುವ ಕುಟುಂಬಗಳು ಬಹಳ. ಆನೆ ನೋಡುವುದು ಒಂದು ಖುಷಿ, ಕಾವೇರಿಯಲ್ಲಿ ಕಾಲಾಡಿಸುವುದು ಇನ್ನೊಂದು. ಮಳೆಗಾಲದಲ್ಲಿ ತುಂಬಿ ಹರಿಯುವ ನದಿ ಆಗ ಬಂಡೆಗಳ ನಡುವೆ ಇಳಿದಿರುತ್ತದೆ. 'ನೀರು ಕಡಿಮೆ, ಭಯವಿಲ್ಲ' ಎಂದುಕೊಳ್ಳುತ್ತೇವೆ. ಇದು ಅರ್ಧ ಸತ್ಯ.

ಹರಿಯುವ ನೀರು ಬಂಡೆಗಳ ಬುಡದಲ್ಲಿ ಗುಂಡಿ ಕೊರೆಯುತ್ತದೆ. ಮೊಣಕಾಲುದ್ದ ನೀರಿನ ಪಕ್ಕದ ಹೆಜ್ಜೆಯಲ್ಲೇ ಆಳವಿರಬಹುದು. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ.

'ಮುಳುಗಿದರೆ ಮಗು ಕೂಗುತ್ತದಲ್ಲ?' ಸಾಮಾನ್ಯವಾಗಿ ಇಲ್ಲ. ಉಸಿರಿಗೇ ದಾರಿಯಿಲ್ಲದಾಗ ಕೂಗು ಎಲ್ಲಿಂದ ಬರಬೇಕು? 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

'ತಲೆಕೆಳಗೆ ಹಿಡಿದು ಹೊಟ್ಟೆ ಒತ್ತಿ ನೀರು ತೆಗೆಯಿರಿ' ಎಂಬುದು ತಪ್ಪು. ಮಗುವಿಗೆ ಬೇಕಿರುವುದು ಆಮ್ಲಜನಕ. ಹೊಟ್ಟೆ ಒತ್ತಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಾಟ ನಿಂತಿದ್ದರೆ ತಕ್ಷಣ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಲು ಶುರುಮಾಡಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಪಿಕ್ನಿಕ್ ಬೇಡ ಎನ್ನುತ್ತಿಲ್ಲ. ಊಟ, ಆಟ ದಡದಲ್ಲಿರಲಿ. ಸಿಬ್ಬಂದಿ ಬೇಡವೆಂದ ಕಡೆ ಇಳಿಯಬೇಡಿ. ನೀರಿಗಿಳಿದ ಮಗು ದೊಡ್ಡವರೊಬ್ಬರ ಕೈಗೆಟುಕುವಂತಿರಲಿ, ಅವರ ಮೊಬೈಲ್ ಜೇಬಿನಲ್ಲಿರಲಿ.