ತಾಯಿಮೊಲದ ಮೇಲೆ ಹೊರಿಸುವ ಅಪವಾದ



"ಸಾರ್, ನಮ್ಮ ಮೊಲ ಮರಿ ಹಾಕಿದೆ. ಆದರೆ ತಾಯಿ ಮರಿಗಳ ಹತ್ತಿರಕ್ಕೇ ಹೋಗುವುದಿಲ್ಲ, ಹಾಲೇ ಕೊಡುವುದಿಲ್ಲ. ಎಂಥ ತಾಯಿಯೋ ಏನೋ!"

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನೆಂಬ ಕಾರಣಕ್ಕೆ ಈ ಮಾತು ನನ್ನ ಬಳಿಗೆ ಆಗಾಗ ಬರುತ್ತದೆ. ಚಿಂತಾಮಣಿಯಿಂದಲೂ ಬಂದಿದೆ, ಗೌರಿಬಿದನೂರಿನಿಂದಲೂ ಬಂದಿದೆ. ಹೇಳುವವರು ಬೇರೆ ಬೇರೆ, ಮಾತು ಮಾತ್ರ ಒಂದೇ. ಮೂರು ದಿನ ಕಳೆದ ಮೇಲೆ ಬರುವ ಸುದ್ದಿಯೂ ಒಂದೇ: "ಎಲ್ಲ ಮರಿಗಳೂ ಹೋದವು ಸಾರ್. ನಾವು ಎಷ್ಟು ಕಷ್ಟಪಟ್ಟರೂ ಉಳಿಯಲಿಲ್ಲ." ಪಟ್ಟ ಕಷ್ಟವೇನೆಂದು ವಿಚಾರಿಸಿದರೆ ತಿಳಿಯುತ್ತದೆ. ಮರಿಗಳನ್ನು ಗೂಡಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಸುವಿನ ಹಾಲನ್ನು ಫಿಲ್ಲರಿನಲ್ಲಿ ಬಾಯಿಗೆ ಹನಿಸಿ, ಅಕ್ಕಪಕ್ಕದ ಮನೆಯ ಮಕ್ಕಳಿಗೆಲ್ಲ ತೋರಿಸಿ, ರಾತ್ರಿ ಹೊಸ ಹತ್ತಿಯಲ್ಲಿ ಸುತ್ತಿ ಮಲಗಿಸಿರುತ್ತಾರೆ. ಅಪವಾದ ಮಾತ್ರ ತಾಯಿಮೊಲದ ತಲೆಯ ಮೇಲೆ.

ಈ ಅಪವಾದ ಸುಳ್ಳು. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಈ ಸುಳ್ಳನ್ನು ನಂಬಿಯೇ ನಾವು ಮರಿಗಳನ್ನು ಕೊಲ್ಲುತ್ತಿದ್ದೇವೆ. ಆದ್ದರಿಂದ ಇದನ್ನು ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇದು. ತಾಯಿಮೊಲವು ದಿನಕ್ಕೆ ಒಂದು ಸಲ, ಅಪರೂಪಕ್ಕೆ ಎರಡು ಸಲ ಮಾತ್ರ ಹಾಲೂಡಿಸುತ್ತದೆ. ಅದೂ ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ, ಮೂರರಿಂದ ಐದು ನಿಮಿಷ ಮಾತ್ರ. ಇದು 1965ರಲ್ಲೇ ಅಮೆರಿಕದ ವಿಜ್ಞಾನಿಗಳು ಪ್ರಯೋಗದಿಂದ ಕಂಡುಕೊಂಡ ಸಂಗತಿ. ಉಳಿದ ಹೊತ್ತೆಲ್ಲ ತಾಯಿ ಗೂಡಿನಿಂದ ದೂರವೇ ಇರುತ್ತದೆ. ನಾವು ಹಗಲಿನಲ್ಲಿ ನೋಡುತ್ತೇವೆ, ಅದು ನಾವು ಮಲಗಿದ ಮೇಲೆ ಹಾಲೂಡಿಸುತ್ತದೆ. ನಮ್ಮ ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ನಡೆಯಲೇ ಇಲ್ಲವೆಂದು ತೀರ್ಪು ಕೊಡುವುದು ಎಲ್ಲಿಯ ನ್ಯಾಯ?

ಈ ದೂರಕ್ಕೆ ಕಾರಣವೂ ಇದೆ. ನಾವು ಸಾಕುವ ಬಿಳಿ, ಬೂದು, ಕಪ್ಪು ಮೊಲಗಳೆಲ್ಲವೂ ಯುರೋಪಿನ ಕಾಡುಮೊಲದ ಸಂತತಿ. ಅದರ ಮೂಲ ನೆಲೆ ಸ್ಪೇನ್, ಪೋರ್ಚುಗಲ್ ಕಡೆಯ ನಾಡು. ಅಲ್ಲಿ ಮೊಲ ನೆಲದಲ್ಲಿ ಬಿಲ ತೋಡಿ ಮರಿ ಹಾಕುತ್ತದೆ, ಹಾಲೂಡಿಸಿದ ಮೇಲೆ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೊರಟುಹೋಗುತ್ತದೆ. ತಾಯಿ ಪದೇ ಪದೇ ಬಂದುಹೋದರೆ ಅದರ ವಾಸನೆಯ ಜಾಡು ಹಿಡಿದು ನರಿಯೋ ಮುಂಗುಸಿಯಂಥ ಬೇಟೆಪ್ರಾಣಿಯೋ ಬಿಲಕ್ಕೆ ಬಂದೀತು. ದೂರವಿರುವುದೇ ಅದು ಮರಿಗಳನ್ನು ಕಾಯುವ ರೀತಿ. ಆ ಒಂದು ಹೊತ್ತಿನ ಊಟ ಸಾಲುವಂತೆ ಅದರ ಹಾಲೂ ಗಟ್ಟಿಯಾಗಿದೆ. ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿನಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು. ಕಣ್ಣು ಬಿಡದ ಮರಿಗಳು ವಾಸನೆಯಿಂದಲೇ ಮೊಲೆತೊಟ್ಟನ್ನು ಕೆಲವೇ ಕ್ಷಣಗಳಲ್ಲಿ ಹುಡುಕಿಕೊಳ್ಳುತ್ತವೆ. ಆ ವಾಸನೆಯ ರಾಸಾಯನಿಕ ಯಾವುದೆಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಇಷ್ಟು ಕರಾರುವಾಕ್ಕಾದ ಏರ್ಪಾಡಿನ ನಡುವೆ ನಾವು ಫಿಲ್ಲರ್ ಹಿಡಿದು ನುಗ್ಗುತ್ತೇವೆ. ಹಸುವಿನ ಹಾಲು ಮರಿಯ ಕರುಳಿಗೆ ಒಗ್ಗುವುದಿಲ್ಲ, ಅವಸರದಲ್ಲಿ ಹನಿಸಿದ ಹಾಲು ಶ್ವಾಸಕೋಶಕ್ಕೂ ಇಳಿಯುತ್ತದೆ.

ಇನ್ನು ಎರಡನೆಯ ಅಪವಾದ: "ತಾಯಿಯೇ ಮರಿಯನ್ನು ಗೂಡಿನಿಂದ ಆಚೆಗೆ ಎಸೆದಿದೆ." ನಡೆದಿರುವುದು ಬೇರೆ. ಮರಿ ಮೊಲೆತೊಟ್ಟನ್ನು ಕಚ್ಚಿಕೊಂಡಿರುವಾಗಲೇ ತಾಯಿ ಎದ್ದು ಹೊರಟರೆ ಮರಿ ಅದರ ಜೊತೆಗೇ ಎಳೆದುಕೊಂಡು ಬಂದು ಹೊರಗೆ ಬೀಳುತ್ತದೆ. ಬೆಕ್ಕು, ನಾಯಿಗಳಂತೆ ಮರಿಯನ್ನು ಬಾಯಲ್ಲಿ ಕಚ್ಚಿ ಹಿಂದಕ್ಕೆ ತಂದಿಡುವ ಅಭ್ಯಾಸ ಮೊಲಕ್ಕಿಲ್ಲ. ಹೊರಗೆ ಬಿದ್ದ ಮರಿ ಚಳಿಗೆ ಸೆಟೆದುಕೊಳ್ಳುತ್ತದೆ. ಗೂಡಿನ ಪೆಟ್ಟಿಗೆಗೆ ಅರ್ಧ ಅಡಿ ಎತ್ತರದ ಹೊಸ್ತಿಲಿದ್ದರೆ ಈ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ. ಹೊಸ್ತಿಲು ಕಟ್ಟದವರು ನಾವು, "ಎಸೆದವಳು" ಎನ್ನಿಸಿಕೊಂಡದ್ದು ಅದು.

ಮೂರನೆಯದು ಇನ್ನೂ ಘೋರ: "ಅದು ತನ್ನ ಮರಿಯನ್ನೇ ತಿನ್ನುವ ರಾಕ್ಷಸಿ." ಈದ ಮೊಲ ಮಾಸನ್ನು ತಿನ್ನುವುದು ಸಹಜ, ಸತ್ತು ಹುಟ್ಟಿದ ಮರಿಯನ್ನು ತಿನ್ನುವುದೂ ಉಂಟು. ಗೂಡಿನಲ್ಲಿ ರಕ್ತದ ವಾಸನೆ ಉಳಿಯದಂತೆ ಮಾಡುವ ಹಳೆಯ ಬುದ್ಧಿ ಅದು. ಬದುಕಿರುವ ಮರಿಗೆ ಬಾಯಿ ಹಾಕಿದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ನೀರಿನ ಬಟ್ಟಲು ಒಣಗಿತ್ತೇ? ಪಂಜರದ ಸುತ್ತ ನಾಯಿ, ಬೆಕ್ಕು ಸುಳಿದಾಡುತ್ತಿದ್ದವೇ? ಹಬ್ಬದ ಪಟಾಕಿ ಹಾರಿತೇ? ಚೊಚ್ಚಲ ಬಾಣಂತಿಯ ಮುಂದೆ ಹತ್ತು ಮಂದಿ ಮೊಬೈಲ್ ಹಿಡಿದು ನಿಂತಿದ್ದರೇ?

"ಮೊದಲೆಲ್ಲ ಇಷ್ಟು ಯೋಚನೆ ಮಾಡುತ್ತಿದ್ದೆವೇ? ಪ್ರಕೃತಿ ನೋಡಿಕೊಳ್ಳುತ್ತದೆ ಬಿಡಿ" ಎನ್ನುವವರಿದ್ದಾರೆ. ಪ್ರಕೃತಿಯಲ್ಲಿ ಮೊಲಕ್ಕೆ ತಾನೇ ತೋಡಿದ ಬಿಲವಿತ್ತು. ನಾವು ಕೊಟ್ಟಿರುವುದು ತಂತಿಯ ಪಂಜರ, ಅದರ ಮೇಲೊಂದು ಸಿಮೆಂಟ್ ಶೀಟು. ಬಿಲವನ್ನು ಕಿತ್ತುಕೊಂಡ ಮೇಲೆ ಪ್ರಕೃತಿಯ ಹೆಸರು ಹೇಳಿ ಕೈ ತೊಳೆದುಕೊಳ್ಳುವ ಹಕ್ಕು ನಮಗಿಲ್ಲ.

ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಯಾವ ನೆಪವೂ ಸಲ್ಲದು. ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಮನೆಮನೆಯವರೂ ರೇಷ್ಮೆಹುಳುವಿನ ಬಾಣಂತನ ಮಾಡಿದವರು. ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, 85-90 ಶೇಕಡಾ ತೇವ ಇರಬೇಕೆಂದು ಓದುಬರಹ ಬಾರದ ಅಜ್ಜಿಗೂ ಅಂದಾಜು ಗೊತ್ತಿರುತ್ತದೆ. ಕೈಕಾಲು ತೊಳೆಯದೆ ಹುಳುಮನೆಗೆ ಕಾಲಿಡಲು ಬಿಡುವುದಿಲ್ಲ. ಹುಳು ಜ್ವರಕ್ಕೆ ಕೂತಾಗ ಅದನ್ನು ಮುಟ್ಟುವುದಿಲ್ಲ, ಸೊಪ್ಪನ್ನೂ ಹಾಕುವುದಿಲ್ಲ. ಔಷಧಿ ಹೊಡೆದ ತೋಟದ ಸೊಪ್ಪನ್ನು ದಿನಗಳನ್ನು ಎಣಿಸದೆ ಕೊಯ್ಯುವುದಿಲ್ಲ. ಒಂದು ಹುಳುವಿಗೆ ಅದರ ಧರ್ಮ ತಿಳಿದು ನಡೆದುಕೊಳ್ಳಬಲ್ಲ ಜನ, ಅದೇ ಮನೆಯ ಹಿತ್ತಲಿನ ಮೊಲಕ್ಕೆ ಮಾತ್ರ ಮನುಷ್ಯರ ಧರ್ಮವನ್ನು ಹೇರುತ್ತಾರೆ. ಹುಳುವಿನಿಂದ ದುಡ್ಡು ಬರುತ್ತದೆ, ಮೊಲ ಮಕ್ಕಳ ಆಟಿಕೆ. ವ್ಯತ್ಯಾಸ ಇಷ್ಟೇ ಎಂದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಮಾಡಬೇಕಾದದ್ದೇನು? ಪಾಠದಂತೆಯೇ ಹೇಳುತ್ತೇನೆ, ಬೇಸರಿಸಬೇಡಿ.

ಮೊಲ ಗಬ್ಬವಾಗಿ ಸುಮಾರು 31 ದಿನಗಳಿಗೆ ಈಯುತ್ತದೆ. ಅದಕ್ಕೆ ಮೊದಲೇ ಹಲಗೆಯದೋ ದಪ್ಪ ರಟ್ಟಿನದೋ ಒಂದು ಪೆಟ್ಟಿಗೆಯಲ್ಲಿ ಮೆತ್ತನೆಯ ಒಣಹುಲ್ಲು ಹಾಕಿಡಿ. ಹತ್ತಿ, ದಾರ, ರೇಷ್ಮೆ ಎಳೆ ಬೇಡ, ಅವು ಮರಿಯ ಕಾಲಿಗೂ ಕತ್ತಿಗೂ ಸುತ್ತಿಕೊಳ್ಳುತ್ತವೆ. ತಾಯಿ ತನ್ನ ಎದೆ, ಹೊಟ್ಟೆಯ ತುಪ್ಪಳವನ್ನು ತಾನೇ ಕಿತ್ತು ಹಾಸುತ್ತದೆ. ಅದು ಕಾಯಿಲೆಯಲ್ಲ, ಗಾಬರಿ ಬೇಡ. ಗಂಡುಮೊಲವನ್ನು ಹೆರಿಗೆಗೆ ಮುಂಚೆಯೇ ಬೇರೆ ಮಾಡಿ. ಮೊಲ ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಹಾಲೂಡಿಸುತ್ತಲೇ ಮುಂದಿನ ಸೂಲನ್ನು ಹೊತ್ತರೆ ತಾಯಿ ಸವೆದುಹೋಗುತ್ತದೆ.

ಮರಿಗಳು ಹುಟ್ಟುವಾಗ ಕೂದಲಿಲ್ಲ, ಕಣ್ಣು ಕಿವಿ ಮುಚ್ಚಿರುತ್ತವೆ. ಕಣ್ಣು ಬಿಡುವುದು ಸುಮಾರು ಹತ್ತು ದಿನಕ್ಕೆ. ದಿನಕ್ಕೊಮ್ಮೆ, ಬೆಳಿಗ್ಗೆ, ಮನೆಯ ಒಬ್ಬರೇ ಕೈ ತೊಳೆದು, ತಾಯಿಯ ತಲೆ ಸವರಿ, ಗೂಡು ನೋಡಿ. ಹೊಟ್ಟೆ ದುಂಡಗಿದ್ದು, ಚರ್ಮ ನುಣುಪಾಗಿದ್ದು, ಮರಿಗಳು ಒಂದನ್ನೊಂದು ಒತ್ತಿಕೊಂಡು ಸುಮ್ಮನೆ ಮಲಗಿದ್ದರೆ ತಾಯಿ ತನ್ನ ಕೆಲಸ ಮುಗಿಸಿ ಹೋಗಿದೆ ಎಂದರ್ಥ. ಸತ್ತ ಮರಿಯಿದ್ದರೆ ತೆಗೆದುಬಿಡಿ. ಮನುಷ್ಯರ ಕೈ ಸೋಕಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎಂಬುದು ಸಾಕುಮೊಲದ ಮಟ್ಟಿಗೆ ಮೂಢನಂಬಿಕೆ. ಮನೆಯವರ ಕೈಯ ವಾಸನೆ ಅದಕ್ಕೆ ಹೊಸದಲ್ಲ. ಈ ನಂಬಿಕೆಯಿಂದಾಗಿ ಸತ್ತ ಮರಿಯ ಪಕ್ಕದಲ್ಲೇ ಬದುಕಿದ ಮರಿಗಳು ಕೊಳೆಯುವುದನ್ನು ಕಂಡಿದ್ದೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 2005ರಲ್ಲಿ ತೀರಿಕೊಳ್ಳುವವರೆಗೂ, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದೆಂದು ನಮಗೆ ಹೇಳುತ್ತಲೇ ಬಂದರು. ಪವಾಡಗಳನ್ನು ಪ್ರಶ್ನಿಸಿದರೆ ಸಾಲದು, ಹಿತ್ತಲಿನ ನಂಬಿಕೆಗಳನ್ನೂ ಪ್ರಶ್ನಿಸಬೇಕು.

ಹೊಟ್ಟೆ ಒಳಕ್ಕೆ ಹೋಗಿ, ಚರ್ಮ ಸುಕ್ಕುಗಟ್ಟಿ, ಮರಿ ತೆವಳುತ್ತ ಕೂಗುತ್ತಿದ್ದರೆ ಮಾತ್ರ ಹಾಲಿನ ಚಿಂತೆ ಮಾಡಿ. ಆಗಲೂ ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೊದಲು ಅಂಗೈಯಲ್ಲಿಟ್ಟುಕೊಂಡೋ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟೋ ಬೆಚ್ಚಗೆ ಮಾಡಿ. ತಾಯಿಯ ಕೆಚ್ಚಲು ಗಟ್ಟಿಯಾಗಿ, ಬಿಸಿಯಾಗಿ, ಕೆಂಪೋ ನೀಲಿಯೋ ಆಗಿದ್ದರೆ ಅದು ಕೆಚ್ಚಲು ಬಾವು. ಕೂಡಲೇ ಪಶುವೈದ್ಯರಲ್ಲಿಗೆ ಹೋಗಿ. ಮೆಡಿಕಲ್ ಸ್ಟೋರಿನಿಂದ ಅಮಾಕ್ಸಿಸಿಲಿನ್ ತಂದು ಬಾಯಿಗೆ ಹಾಕಲೇಬೇಡಿ. ಪೆನಿಸಿಲಿನ್ ಜಾತಿಯ ಔಷಧಿಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳು ಕೆಟ್ಟು ಮೊಲ ಸಾಯಬಹುದು.

ತಾಯಿಗೆ ಸದಾ ಶುದ್ಧ ನೀರು, ಯಥೇಚ್ಛ ಹುಲ್ಲು ಬೇಕು. ಹಿಪ್ಪುನೇರಳೆ ಸೊಪ್ಪನ್ನು ಅದು ಇಷ್ಟಪಟ್ಟು ತಿನ್ನುತ್ತದೆ, ಆದರೆ ಹುಳುವಿಗೆ ಹಾಕಬಾರದ ಸೊಪ್ಪನ್ನು ಮೊಲಕ್ಕೂ ಹಾಕಬೇಡಿ. ಮೊಲ ಬೆವರುವುದಿಲ್ಲ. ಶಾಖ 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ, ನಮ್ಮ ಏಪ್ರಿಲ್ ತಿಂಗಳಲ್ಲಿ ಶೀಟಿನ ಕೆಳಗಿನ ಪಂಜರ ಒಲೆಯೇ ಸರಿ. ಮರಿಗಳನ್ನು ಎಂಟು ವಾರದವರೆಗೆ ತಾಯಿಯಿಂದ ಅಗಲಿಸಬೇಡಿ. ಮೂರು ತಿಂಗಳಾಗುವುದರೊಳಗೆ ಗಂಡು ಹೆಣ್ಣುಗಳನ್ನು ಬೇರೆ ಮಾಡಿ.

ಇಷ್ಟೆಲ್ಲ ಆಗದು ಎನ್ನುವವರಿಗೆ ನನ್ನ ಉತ್ತರ ಸರಳ: ಜೋಡಿ ಮೊಲ ತರಬೇಡಿ. ಹುಟ್ಟುಹಬ್ಬದ ಉಡುಗೊರೆಯೆಂದು ರಸ್ತೆ ಬದಿಯಲ್ಲಿ ಬುಟ್ಟಿಯೊಳಗಿಟ್ಟು ಮಾರುವ ಮರಿಗಳಲ್ಲಿ ಎಷ್ಟೋ ಇನ್ನೂ ಹಾಲು ಬಿಡದವು. ಸಾಕುಪ್ರಾಣಿಗಳ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2018ರಲ್ಲೇ ಬಂದಿದೆ. ಕೊಳ್ಳುವವರು ಕೇಳಿದರೆ ತಾನೇ ಮಾರುವವರಿಗೆ ನೆನಪಾಗುವುದು?

ಹೊಲದಲ್ಲಿ ಸಿಗುವ ಮರಿಗಳ ವಿಷಯವೂ ಇಲ್ಲೇ ಹೇಳಿಬಿಡಬೇಕು. ನಂದಿಬೆಟ್ಟದ ಸುತ್ತಿನ ಕುರುಚಲಲ್ಲಿ, ಕಡಲೆಕಾಯಿ ಹೊಲಗಳಲ್ಲಿ ಕಾಣುವ ನಮ್ಮ ಕಾಡುಮೊಲ ಬೇರೆಯೇ ಪ್ರಾಣಿ. ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಅದೂ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ತಾಯಿಯ ದಾರಿ ಕಾಯುತ್ತಿರುತ್ತದೆ. "ಪಾಪ, ಅನಾಥ" ಎಂದು ಎತ್ತಿಕೊಂಡು ಬರುವುದೇ ಅದನ್ನು ಅನಾಥ ಮಾಡುವುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ (1972) ಪ್ರಕಾರ ಅದನ್ನು ಹಿಡಿಯುವುದು ಅಪರಾಧ ಕೂಡ.

ಕೊನೆಯದಾಗಿ ಒಂದು ಮಾತು. ಮೊಲದ ಬಗ್ಗೆ ಆಡುವ ಮಾತನ್ನೇ ನಾವು ಮನುಷ್ಯರ ಬಗ್ಗೆಯೂ ಆಡುತ್ತೇವೆ. ನಸುಕಿನಲ್ಲಿ ಅಡುಗೆ ಮುಗಿಸಿ, ಮಗುವನ್ನು ಅಜ್ಜಿಯ ಕೈಗಿತ್ತು ರೀಲಿಂಗ್ ಘಟಕಕ್ಕೋ ಗಾರ್ಮೆಂಟ್ಸಿಗೋ ಹೋಗುವ ಹೆಣ್ಣುಮಕ್ಕಳು ಪೋಷಕರ ಸಭೆಗೆ ಬಾರದಿದ್ದಾಗ, "ಆ ತಾಯಿಗೆ ಮಗುವಿನ ಮೇಲೆ ಗಮನವೇ ಇಲ್ಲ" ಎಂಬ ಮಾತನ್ನು ಶಾಲೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಗುವಿನ ಡಬ್ಬಿಯಲ್ಲಿ ಅನ್ನವಿದೆಯೇ, ತಲೆಗೆ ಎಣ್ಣೆಯಿದೆಯೇ, ಹೋಂವರ್ಕ್ ಆಗಿದೆಯೇ ಎಂದು ನೋಡುವ ತಾಳ್ಮೆ ಹಾಗೆ ಆಡಿದವರಿಗೆ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಮುಂದಿನ ಸಲ ನಿಮ್ಮ ಮನೆಯ ಮೊಲ ಈದಾಗ ನನ್ನನ್ನು ಕೇಳುವ ಮೊದಲು ಬೆಳಿಗ್ಗೆ ಮರಿಗಳ ಹೊಟ್ಟೆ ನೋಡಿ. ದುಂಡಗಿದ್ದರೆ ಪೆಟ್ಟಿಗೆ ಮುಚ್ಚಿ, ಬಟ್ಟಲಿಗೆ ನೀರು ತುಂಬಿ, ಮಕ್ಕಳನ್ನು ಕರೆದುಕೊಂಡು ಆಚೆ ಬನ್ನಿ.