ತಲೆನೋವಿನ ಮೂಲ ದವಡೆಯಲ್ಲಿದ್ದರೆ: ಗುರುತಿಸುವುದು ಹೇಗೆ, ಏನು ಮಾಡಬೇಕು, ಏನು ಮಾಡಬಾರದು

ತಲೆನೋವು ಬಂದರೆ ಕಾರಣ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಮನೆಯಲ್ಲಿ ಪಿತ್ತ ಎನ್ನುತ್ತಾರೆ, ಪಕ್ಕದ ಮನೆಯವರು ಸೈನಸ್ ಎನ್ನುತ್ತಾರೆ, ಆಫೀಸಿನಲ್ಲಿ ಕನ್ನಡಕದ ನಂಬರ್ ಬದಲಾಗಿರಬೇಕು ಎನ್ನುತ್ತಾರೆ. ಈಗ ಇದಕ್ಕೆ ಇನ್ನೊಂದು ಸೇರಿದೆ. ತಲೆನೋವಿಗೆಲ್ಲ ದವಡೆಯೇ ಕಾರಣ, ಈ ಜಾಗ ಒತ್ತಿದರೆ ಎರಡೇ ನಿಮಿಷದಲ್ಲಿ ಮಾಯ ಎನ್ನುವಂಥ ವಿಡಿಯೊಗಳು.

ಇದರಲ್ಲಿ ಒಂದಿಷ್ಟು ನಿಜವಿದೆ. ದವಡೆಯ ಕೀಲು ಮತ್ತು ಅದರ ಸ್ನಾಯುಗಳ ತೊಂದರೆಯಿಂದ ತಲೆನೋವು ಬರುತ್ತದೆ. ಅಂತರರಾಷ್ಟ್ರೀಯ ತಲೆನೋವು ಸಂಘದ ಪಟ್ಟಿಯಲ್ಲೂ ಇದಕ್ಕೆ ಪ್ರತ್ಯೇಕ ಜಾಗವಿದೆ. ಆದರೆ ಎಲ್ಲ ತಲೆನೋವೂ ಇದೇ ಅಲ್ಲ. ಇದೇ ಆಗಿದ್ದರೂ ಎರಡು ನಿಮಿಷದಲ್ಲಿ ಹೋಗುವುದಿಲ್ಲ.

ದವಡೆಗೂ ತಲೆಗೂ ಏನು ಸಂಬಂಧ?

ಕಣ್ಣಿಗೂ ಕಿವಿಗೂ ನಡುವೆ ಇರುವ ಕಣತಲೆಯ ಮೇಲೆ ಎರಡು ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಬೆರಳಿನ ಕೆಳಗೆ ಏನೋ ಉಬ್ಬುತ್ತದೆ. ಅದು ದವಡೆಯನ್ನು ಮೇಲಕ್ಕೆಳೆಯುವ ಸ್ನಾಯು. ಬೀಸಣಿಗೆಯಂತೆ ತಲೆಯ ಪಕ್ಕದಲ್ಲೆಲ್ಲ ಹರಡಿಕೊಂಡಿದೆ. ಅಂದರೆ ನಾವು 'ತಲೆ' ಎಂದುಕೊಂಡಿರುವ ಜಾಗದ ಒಂದು ಭಾಗ ಅಗಿಯುವ ಯಂತ್ರದ್ದೇ.

ಈಗ ಬೆರಳನ್ನು ಕಿವಿಯ ಮುಂದಕ್ಕೆ ತಂದು ಬಾಯಿ ತೆರೆದು ಮುಚ್ಚಿ. ಅಲ್ಲಿ ಅಲುಗಾಡುವುದೇ ದವಡೆಯ ಕೀಲು. ಎಡಕ್ಕೊಂದು, ಬಲಕ್ಕೊಂದು. ಬಾಗಿಲ ತಿರುಗಣಿಯ ಹಾಗೆ ತಿರುಗುವುದಷ್ಟೇ ಅಲ್ಲ, ಬಾಯಿ ಅಗಲ ತೆರೆದಾಗ ಅದು ಮುಂದಕ್ಕೂ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ.

ಈ ಕೀಲು, ಸ್ನಾಯುಗಳು, ಹಲ್ಲುಗಳು, ಮುಖದ ಚರ್ಮ, ಮೆದುಳಿನ ಹೊದಿಕೆಯ ಬಹುಭಾಗ, ಇಷ್ಟರ ನೋವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುದು ಒಂದೇ ನರ, ಟ್ರೈಜೆಮಿನಲ್ ನರ. ಹಾಗಾಗಿ ಸುದ್ದಿ ಎಲ್ಲಿಂದ ಬಂತು ಎಂಬುದರಲ್ಲಿ ಮೆದುಳಿಗೆ ಗೊಂದಲವಾಗುತ್ತದೆ. ಹೃದಯಾಘಾತದ ನೋವು ಎಡಗೈಯಲ್ಲಿ ಕಾಣಿಸಿಕೊಳ್ಳುವುದೂ ಇಂಥದೇ ಗೊಂದಲದಿಂದ. ದವಡೆಯ ಸ್ನಾಯು ದಣಿದರೆ ಹಲ್ಲುನೋವು, ಕಿವಿನೋವು, ತಲೆನೋವು ಯಾವುದಾದರೂ ಆಗಿ ಕಾಣಬಹುದು.

ಇದೇ ಎಂದು ತಿಳಿಯುವುದು ಹೇಗೆ?

'ನೋವು ಎಲ್ಲಿದೆ' ಎನ್ನುವುದಕ್ಕಿಂತ 'ಯಾವಾಗ ಹೆಚ್ಚಾಗುತ್ತದೆ' ಎನ್ನುವುದು ಮುಖ್ಯ. ದವಡೆ ಆಡಿಸಿದಾಗ, ಅಗಿದಾಗ, ಆಕಳಿಸಿದಾಗ ತಲೆನೋವು ಬದಲಾಗುತ್ತದೆಯೇ? ಈ ಲಕ್ಷಣಗಳನ್ನು ಗಮನಿಸಿ:

• ಕಣತಲೆಯ ಒಂದು ಅಥವಾ ಎರಡೂ ಬದಿಯಲ್ಲಿ ಹಿಂಡಿದಂಥ, ಮಂದವಾದ ನೋವು.
• ಕಬ್ಬು, ಚಕ್ಕುಲಿ, ಕಟಕ ರೊಟ್ಟಿ ಅಗಿದ ಮೇಲೆ ಅಥವಾ ತುಂಬ ಹೊತ್ತು ಮಾತಾಡಿದ ಮೇಲೆ ನೋವು ಏರುವುದು.
• ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿದಂತಿರುವುದು. ರಾತ್ರಿ ಹಲ್ಲು ಕಡಿಯುತ್ತೀರಿ ಎಂದು ಮನೆಯವರು ಹೇಳುವುದು.
• ಕಣತಲೆಯ ಸ್ನಾಯುವನ್ನು ಒತ್ತಿದಾಗ 'ಇದೇ ನನ್ನ ತಲೆನೋವು' ಎನ್ನುವಂತೆ ಅದೇ ನೋವು ಬರುವುದು.
• ಬಾಯಿ ಪೂರ್ತಿ ತೆರೆಯಲಾಗದಿರುವುದು. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಸುತ್ತವೆ.

ಬಾಯಿ ತೆರೆದಾಗ 'ಟಕ್' ಎಂದು ಸದ್ದಾಗುವುದೊಂದೇ ಕಾಯಿಲೆಯ ಗುರುತಲ್ಲ. ನೋವಿಲ್ಲದ, ಬಾಯಿ ಸಿಕ್ಕಿಕೊಳ್ಳದ ಸದ್ದು ಬಹಳ ಜನರಲ್ಲಿ ಇರುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ತಲೆ ದುಡಿ ಬಡಿದಂತೆ ಮಿಡಿಯುವುದು, ವಾಂತಿ ಬಂದಂತಾಗುವುದು, ಬೆಳಕು-ಸದ್ದು ಸಹಿಸಲಾಗದಿರುವುದು ಮೈಗ್ರೇನ್ ಕಡೆಗೆ, ಅಂದರೆ ಅರೆತಲೆನೋವಿನ ಕಡೆಗೆ ಬೊಟ್ಟು ಮಾಡುತ್ತವೆ. ಎರಡೂ ಒಬ್ಬರಲ್ಲೇ ಇರಬಹುದು. ಆಗ ಒಂದು ಇನ್ನೊಂದನ್ನು ಕೆರಳಿಸುತ್ತದೆ, ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕಾಗುತ್ತದೆ.

ಹಲ್ಲಿನ ಸಾಲು ಸರಿಯಿಲ್ಲದ್ದೇ ಕಾರಣವೇ?

ಇದು ಹಳೆಯ ನಂಬಿಕೆ. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹಿಂದಿನ ಹಲ್ಲುಗಳು ಹೋದರೆ ಕೀಲು ಹಿಂದಕ್ಕೆ ಒತ್ತಿ ಕಿವಿನೋವು, ತಲೆನೋವು ಬರುತ್ತವೆ ಎಂದು ಬರೆದರು. ಕೀಲಿನ ರಚನೆಯನ್ನು ಪರೀಕ್ಷಿಸಿದವರಿಗೆ ಆ ವಿವರಣೆ ಹೊಂದಲಿಲ್ಲ. ಆದರೆ 'ಹಲ್ಲು ಸರಿಮಾಡಿದರೆ ತಲೆನೋವು ಹೋಗುತ್ತದೆ' ಎಂಬ ಮಾತು ಉಳಿದುಬಿಟ್ಟಿತು.

ಈಗಿನ ತಿಳಿವಳಿಕೆಯ ಪ್ರಕಾರ ಕಾರಣ ಒಂದೇ ಇರುವುದಿಲ್ಲ. ಹಗಲಲ್ಲಿ ಅರಿವಿಲ್ಲದೆ ಹಲ್ಲು ಕಚ್ಚಿಕೊಂಡಿರುವುದು, ಸದಾ ಚ್ಯೂಯಿಂಗ್ ಗಮ್ ಅಗಿಯುವುದು, ದವಡೆಗೆ ಬಿದ್ದ ಪೆಟ್ಟು, ಸಂಧಿವಾತ, ನಿದ್ದೆಗೇಡು, ಮಾನಸಿಕ ಒತ್ತಡ ಇವೆಲ್ಲ ಸೇರುತ್ತವೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೊದಲು ಮಾಡಬೇಕಾದ್ದು

ಬಹುಪಾಲು ಜನರಿಗೆ ಸರಳ ಕ್ರಮಗಳಲ್ಲೇ ಗುಣ ಕಾಣುತ್ತದೆ. ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು.

• ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ, ನಾಲಿಗೆ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. ಸುಮ್ಮನಿರುವಾಗ ದವಡೆ ಇರಬೇಕಾದ್ದು ಹೀಗೆ. ಫೋನ್ ಕೈಗೆತ್ತಿಕೊಂಡಾಗಲೆಲ್ಲ ಒಮ್ಮೆ ನೋಡಿಕೊಳ್ಳಿ.
• ಕೆಲವು ವಾರ ಮೆತ್ತಗಿನ ಊಟ ಮಾಡಿ. ಇಡ್ಲಿ, ಮುದ್ದೆ, ಮೊಸರನ್ನ ಇರಲಿ. ನಿಪ್ಪಟ್ಟು, ಗಟ್ಟಿ ಸೀಬೆಕಾಯಿ ಬೇಡ.
• ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆ, ಕಣತಲೆಗೆ 10–15 ನಿಮಿಷ ಶಾಖ ಕೊಡಿ. ಚರ್ಮ ಸುಡದಂತೆ ನೋಡಿಕೊಳ್ಳಿ.
• ಆಕಳಿಸುವಾಗ ಗಲ್ಲದ ಕೆಳಗೆ ಕೈ ಆಸರೆ ಕೊಡಿ. ಲಟಿಕೆ ಮುರಿದಂತೆ ದವಡೆಯನ್ನು ಟಕಟಕ ಅನ್ನಿಸಬೇಡಿ.
• ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿ.

2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದೀರ್ಘಕಾಲದ ದವಡೆ ನೋವಿಗೆ ಬಲವಾಗಿ ಶಿಫಾರಸು ಮಾಡಿದ್ದೂ ಇಂಥವನ್ನೇ: ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ನೋವು ಮತ್ತು ಒತ್ತಡವನ್ನು ನಿಭಾಯಿಸಲು ಕಲಿಸುವ ಆಪ್ತಸಮಾಲೋಚನೆ. ಹಲ್ಲಿಗೆ ಹಾಕುವ ನೈಟ್ ಗಾರ್ಡ್‌ನಿಂದ ಹಲ್ಲು ಸವೆಯುವುದು ತಪ್ಪುತ್ತದೆ, ಆದರೆ ದೀರ್ಘಕಾಲದ ನೋವಿಗೆ ಅದನ್ನು ಆ ಮಾರ್ಗಸೂಚಿ ಶಿಫಾರಸು ಮಾಡಿಲ್ಲ.

ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್‌ನಂಥವನ್ನು ತೆಗೆದುಕೊಳ್ಳಬಾರದು. ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಮಾತ್ರೆ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು.

ಅವಸರ ಬೇಡ

ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಕಿತ್ತ ಹಲ್ಲು ಮರಳುವುದಿಲ್ಲ. ತಲೆನೋವಿಗೆಂದು ಹಲ್ಲು ಉಜ್ಜುವುದು, ಕೀಳುವುದು, ಕೀಲಿನ ಶಸ್ತ್ರಚಿಕಿತ್ಸೆ ಇಂಥ ಸಲಹೆ ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಇದಕ್ಕೆ ಕಹಿ ಉದಾಹರಣೆಯೂ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಅನೇಕರ ದವಡೆ ಕೀಲಿಗೆ ಟೆಫ್ಲಾನ್ ಬೆರೆತ ಕೃತಕ ಬಿಲ್ಲೆ ಕೂಡಿಸಿದರು. ಅವು ಸವೆದು ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ತಿಂದವು. ಕೊನೆಗೆ ಸರ್ಕಾರ ಅವನ್ನು ಹಿಂತೆಗೆಸಬೇಕಾಯಿತು. ಅಷ್ಟರಲ್ಲಿ ಹಲವರ ದವಡೆ ಮೊದಲಿಗಿಂತ ಕೆಟ್ಟಿತ್ತು.

ಇವನ್ನು ದವಡೆ ನೋವೆಂದು ಬಿಡಬೇಡಿ

• ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿ ದಿನೇದಿನೇ ಕಿರಿದಾಗುತ್ತಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ ಅದು ಕೀಲಿನ ಸಮಸ್ಯೆ ಅಲ್ಲದಿರಬಹುದು. ಒಳಗೆನ್ನೆ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಅದು ಬಾಯಿ ಕ್ಯಾನ್ಸರ್‌ಗೆ ತಿರುಗಬಲ್ಲದು. ಜಗಿಯುವುದನ್ನು ಬಿಟ್ಟು ದಂತವೈದ್ಯರಿಗೆ ಬಾಯಿ ತೋರಿಸಿ.
• 50 ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ಸೋಲುವುದು, ನೆತ್ತಿ ಮುಟ್ಟಿದರೆ ನೋವು, ಕಣ್ಣು ಮಂಜು ಇದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ಅಪರೂಪವಾದರೂ ತಡಮಾಡಿದರೆ ದೃಷ್ಟಿ ಹೋಗಬಹುದು. ಅಂದೇ ವೈದ್ಯರನ್ನು ಕಾಣಿ.
• ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ಕುಳಿತಾಗ ಹೋಗುವ ದವಡೆ ನೋವು ಹೃದಯದ್ದಿರಬಹುದು. ಅದರ ಜೊತೆ ಎದೆ ಬಿಗಿತ, ಬೆವರು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.
• ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದೊಂದಿಗೆ ಕತ್ತು ಸೆಡೆತ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ತುರ್ತು ಚಿಕಿತ್ಸೆ ಬೇಕು.

ಇವು ಯಾವುವೂ ಇಲ್ಲದಿದ್ದರೆ ಎರಡು ವಾರ ಒಂದು ಟಿಪ್ಪಣಿ ಇಡಿ: ನೋವು ಯಾವ ಹೊತ್ತಿಗೆ ಬಂತು, ಆಗ ಏನು ತಿನ್ನುತ್ತಿದ್ದಿರಿ, ಹಲ್ಲು ಕಚ್ಚಿಕೊಂಡಿದ್ದಿರಾ, ಮಾತ್ರೆ ಎಷ್ಟು ತೆಗೆದುಕೊಂಡಿರಿ. ನೋವು ಮುಂದುವರಿದರೆ ಆ ಹಾಳೆಯನ್ನು ವೈದ್ಯರಿಗೆ ಅಥವಾ ದಂತವೈದ್ಯರಿಗೆ ತೋರಿಸಿ. ನಿಮ್ಮ ತಲೆನೋವು ದವಡೆಯದೋ ಅಲ್ಲವೋ ಎನ್ನುವುದನ್ನು ಯಾವ ವಿಡಿಯೊಗಿಂತಲೂ ಅದು ಚೆನ್ನಾಗಿ ಹೇಳುತ್ತದೆ.